ಕ್ಲಚ್ಚಿಲ್ಲದೆ ಚಾರ್ಮಾಡಿ ಇಳಿದದ್ದು

ಧಣಿಗಳ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆದದ್ದು ಮಂಗಳೂರಿನಲ್ಲಿ. ಅದರ ಪರಿಣಾಮ ಬಿದ್ದದ್ದು ಮಾತ್ರ ಬಿ.ಸಿ.ರೋಡಿನ ನನ್ನ ಗ್ಯಾರೇಜಿನ ಮೇಲೆ. ಡಾಕ್ಟರರು ಕಾಲನ್ನು ಮಡಚಿ ಬಿಡಿಸಿ ನೋಡಿ, "ನಡೆಯಬಹುದು, ಮೆಟ್ಟಿಲು ನಿಧಾನಕ್ಕೆ ಹತ್ತಬಹುದು, ಕ್ಲಚ್ ಮಾತ್ರ ತುಳಿಯಬಾರದು" ಎಂದರಂತೆ. ಮೊದಲ ಎರಡು ಮಾತು ಧಣಿಗಳ ಕಿವಿಗೆ ಬೀಳಲೇ ಇಲ್ಲ. ಮೂರನೆಯದು ಬಿತ್ತು. ಅಳದಂಗಡಿಗೆ ವಾಪಸು ಹೋಗುವ ದಾರಿಯಲ್ಲಿ ಊರುಗೋಲು ಊರಿಕೊಂಡು ನನ್ನ ಅಂಗಳದಲ್ಲಿ ಇಳಿದವರು, "ಭಟ್ರೇ, ನನ್ನನ್ನು ಎಡಗಡೆ ಸೀಟಿನಲ್ಲಿ ಕೂರಿಸ್ತಾರಂತೆ" ಎಂದರು. ಗಡಿಪಾರಿನ ಆಜ್ಞೆ ಬಂದವರ ದನಿ.

ಧಣಿಗಳು ಎಂದರೆ ಯಾರು ಎಂದು ಹೇಳಬೇಕು. ಅಳದಂಗಡಿಯ ಕಡೆ ಗದ್ದೆ ತೋಟ ಉಳ್ಳವರು, ಆದರೆ ಅವರ ನಿಜವಾದ ಆಸ್ತಿ ಒಂದು ಹಳೆಯ ಕೆಂಪು ಪೆಟ್ರೋಲ್ ಕಾರು. ಅದರ ಕಾರ್ಬ್ಯುರೇಟರನ್ನು ನಾನು ಎಷ್ಟು ಸಲ ಬಿಚ್ಚಿ ತೊಳೆದು ಮರುಪ್ರತಿಷ್ಠೆ ಮಾಡಿದ್ದೇನೋ ಲೆಕ್ಕವಿಲ್ಲ. ಜನಿವಾರ ಹಾಕಿಕೊಂಡು ಸ್ಪ್ಯಾನರ್ ಹಿಡಿದವನೆಂದು ಊರಲ್ಲಿ ನನಗೊಂದು ಹೆಸರುಂಟು. ನಾನು ಮಂತ್ರ ಮರೆತದ್ದು ಹೌದು, ಕ್ರಮ ಬಿಟ್ಟದ್ದಿಲ್ಲ. ಯಾವ ಕಾರು ಬಂದರೂ ಮೊದಲು ಬಾನೆಟ್ ಎತ್ತಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಆಮೇಲೆ ಹೊಗೆ ಮೂಸುವುದು. ಅಷ್ಟಾದ ಮೇಲೆ ಮಾತು.

ಆದಿತ್ಯವಾರ ಬೆಳಿಗ್ಗೆ ನನ್ನ ಗ್ಯಾರೇಜಿನಲ್ಲಿ ಕಾರಿನ ಹುಚ್ಚಿರುವ ಏಳೆಂಟು ಮಂದಿ ಸೇರುತ್ತೇವೆ. ಚಹಾ ಕುಡಿಯುತ್ತ, ತೆರೆದ ಬಾನೆಟ್ಟುಗಳ ಮುಂದೆ ಕೈಕಟ್ಟಿ ನಿಂತು, ಲೋಕ ಹಾಳಾದದ್ದು ಯಾವಾಗಿನಿಂದ ಎಂದು ತೀರ್ಮಾನ ಮಾಡುತ್ತೇವೆ. ಆ ಸಭೆಯ ಖಾಯಂ ಅಧ್ಯಕ್ಷರು ಧಣಿಗಳು. ಮೂಡುಬಿದಿರೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇರುವ ಹಾಜಿಯವರೂ ಅದರ ಹಳೆಯ ಸದಸ್ಯರೇ, ಆದರೆ ಹೋದ ವರ್ಷ ಒಂದು ಎಲೆಕ್ಟ್ರಿಕ್ ಕಾರು ತೆಗೆದುಕೊಂಡು ಭ್ರಷ್ಟರಾದರು. ಅಂದಿನಿಂದ ಅವರ ಕಾರು ಗೇಟಿನ ಹೊರಗೆ ನಿಲ್ಲಬೇಕೆಂದು ಧಣಿಗಳ ಕಟ್ಟಪ್ಪಣೆ. ಹಾಜಿಯವರು ಹೊರಗೆ ನಿಲ್ಲಿಸಿ ಒಳಗೆ ಬಂದು ಎರಡು ಚಹಾ ಕುಡಿಯುತ್ತಿದ್ದರು.

"ಅದು ಕಾರಲ್ಲ ಹಾಜಿಯವರೇ, ಮಿಕ್ಸಿ. ಚಟ್ನಿ ಅರೆಯಲಿಕ್ಕೆ ಆದೀತು."

"ಆಗಲಿ ಧಣಿಗಳೇ. ನಿಮ್ಮದು ಹೊರಡುವ ಮೊದಲು ಊರಿಗೆಲ್ಲ ಡಂಗುರ. ನನ್ನದು ಹೋಗಿ ಬಂದ ಮೇಲೆಯೇ ಹೆಂಡತಿಗೆ ಗೊತ್ತಾಗುವುದು."

ಹೀಗಿರುವಾಗ ಮೊಣಕಾಲು ಬಂತು. ಧಣಿಗಳ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರು ಕಡಿಮೆ ಮಾತಿನವರು, ಆಡಿದ ಮಾತು ಅದೇ ದಿನ ಜಾರಿಗೆ ಬರುತ್ತದೆ. "ವೇಣೂರಿನ ಒಬ್ಬ ಡ್ರೈವರಿಗೆ ಹೇಳಿದ್ದೇನೆ. ಇವರ ಹೊಲಿಗೆ ಒಣಗಿ, ಮಳೆ ಮುಗಿದ ಕೂಡಲೇ ಕೆಲಸಕ್ಕೆ ಬರ್ತಾನೆ" ಎಂದರು. ಧಣಿಗಳಿಗೆ ಇದ್ದ ಅವಧಿ ಅಷ್ಟೇ. ಅಷ್ಟರೊಳಗೆ ತಾನೇ ಓಡಿಸುವ ಒಂದು ದಾರಿ ಆಗಬೇಕು. ಇಲ್ಲವಾದರೆ ಬದುಕಿಡೀ ಸ್ಟೇರಿಂಗ್ ಬಿಟ್ಟುಕೊಡದ ಮನುಷ್ಯ ಇನ್ನು ಮುಂದೆ ಪಕ್ಕದಲ್ಲಿ ಕುಳಿತು, ಬೇರೆಯವರು ಗೇರು ತಪ್ಪಿಸುವುದನ್ನು ಕೇಳಬೇಕು. ಅವರ ಮುಖ ನೋಡಿದರೆ ಮೊಣಕಾಲಿನ ನೋವು ಏನೂ ಅಲ್ಲ ಎಂದು ಗೊತ್ತಾಗುತ್ತಿತ್ತು.

ಮೊದಲು ನಾನು ಮಾಡಿದ್ದು ಕೈಕ್ಲಚ್ಚು. ಆಟೋರಿಕ್ಷಾದಲ್ಲಿ ಕ್ಲಚ್ಚು ಕೈಯಲ್ಲೇ ಇರುವುದಲ್ಲವೇ, ಅಂಥದ್ದೊಂದು ಹಿಡಿಯನ್ನು ತಂದು ಕೆಂಪು ಕಾರಿನ ಗೇರಿನ ಕೋಲಿಗೆ ಕ್ಲಾಂಪು ಹಾಕಿ ಬಿಗಿದೆ. ಹಿಡಿಯನ್ನು ಅದುಮಿದರೆ ಕೇಬಲ್ ಎಳೆದು ಕ್ಲಚ್ಚು ಬಿಡಬೇಕು. ಅದೇ ಕೈಯಲ್ಲಿ ಗೇರು ಹಾಕಬೇಕು. ಕಾಗದದ ಮೇಲೆ ಬಹಳ ಚಂದ ಇತ್ತು. ಆದರೆ ಕಾರಿನ ಕ್ಲಚ್ಚಿನ ಸ್ಪ್ರಿಂಗು ರಿಕ್ಷಾದ್ದಲ್ಲ. ಧಣಿಗಳು ಎರಡೂ ಕೈ ಹಾಕಿದರೂ ಅದು ಅಲುಗಲಿಲ್ಲ. ಗೇರ್‌ಬಾಕ್ಸಿನ ಬದಿಯಲ್ಲಿ ಕ್ಲಚ್ಚನ್ನು ಎಳೆಯುವ ತೋಳಿಗೆ ಪಟ್ಟಿ ಬೆಸೆದು ಉದ್ದ ಮಾಡಿದೆ. ಹಿಡಿ ಹಗುರವಾಯಿತು, ಆದರೆ ಎಳೆತ ಸಾಲದೆ ಕ್ಲಚ್ಚು ಅರ್ಧವೇ ಬಿಡತೊಡಗಿತು. ಗೇರು ಹಾಕಿದರೆ ಹಲ್ಲು ಕಡಿದ ಸದ್ದು. ಮಧ್ಯೆ ಒಂದು ರಾಟೆ ಕೊಟ್ಟು, ಕೇಬಲ್ ಬದಲಿಸಿ, ಅಂತೂ ಒಂದು ಹದಕ್ಕೆ ತಂದೆವು.

ಪರೀಕ್ಷೆಗೆ ಹೋದದ್ದು ಎಲ್ಲಿಗೆ ಎಂದರೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಎದುರಿನ ರಸ್ತೆಗೆ. ಅಲ್ಲಿ ಪಾಸಾದರೆ ಲೋಕದಲ್ಲಿ ಎಲ್ಲಿಯೂ ಪಾಸು ಎಂಬುದು ನನ್ನ ಲೆಕ್ಕ. ಎರಡು ಖಾಸಗಿ ಬಸ್ಸುಗಳ ನಡುವೆ ಆಮೆಯ ಹಾಗೆ ಸಾಗುತ್ತ ಹಿಡಿಯನ್ನು ಅದುಮಿ, ಬಿಟ್ಟು, ಅದುಮಿ, ಬಿಟ್ಟು ಧಣಿಗಳ ಮುಂಗೈ ಸೋತುಹೋಯಿತು. ಕಾರು ಎರಡು ಸಲ ಕುಪ್ಪಳಿಸಿ ನಿಂತೇ ಬಿಟ್ಟಿತು. ಎರಡೂ ಬಸ್ಸಿನ ಕಂಡಕ್ಟರುಗಳು ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡೇ ಪುಕ್ಕಟೆ ಸಲಹೆ ಕೊಟ್ಟರು. ಒಬ್ಬ, "ಅಜ್ಜೇರೇ, ಕಾಲಲ್ಲಿ ತುಳಿಯಿರಿ" ಎಂದ. ಧಣಿಗಳು ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಆ ಹಿಡಿಯನ್ನು ನಾನೇ ಬಿಚ್ಚಿದೆ.

ಎರಡನೆಯದಾಗಿ ಒಂದು ಆಟೋಮ್ಯಾಟಿಕ್ ಪೆಟ್ರೋಲ್ ಕಾರನ್ನು ಸಾಲ ತಂದೆ. ಸಿದ್ಧಕಟ್ಟೆಯ ಏರಿನಲ್ಲಿ ಓಡಿಸಿದ್ದು ನಾನು, ತೀರ್ಪು ಕೊಟ್ಟದ್ದು ಪಕ್ಕದಲ್ಲಿದ್ದ ಧಣಿಗಳ ಕಿವಿ. ಏರು ಸಿಕ್ಕಿದ ಕೂಡಲೇ ಕಾರು ಒಂದು ಕ್ಷಣ ಅನುಮಾನಿಸುವುದು, ಆಮೇಲೆ ಜಗ್ಗಿ ಕೆಳಗಿನ ಗೇರಿಗೆ ಬರುವುದು. "ಎಂತ ಭಟ್ರೇ ಇದು. ಪ್ರತಿ ಗೇರಿಗೂ ಪಂಚಾಯತ್ ಮೀಟಿಂಗ್ ಮಾಡ್ತದಲ್ಲ" ಎಂದರು. "ಇಂಜಿನ್ ಕೂಗಿ ಹೇಳ್ತಾ ಉಂಟು, ಇದಕ್ಕೆ ಕೇಳುವುದಿಲ್ಲ. ತಿರುಗಿಸಿ." ತಿರುಗಿಸಿದೆ. ಮಳೆ ಕಡಿಮೆಯಾಗುತ್ತ ಬಂದಿತ್ತು.

ಆ ಸಂಜೆ ನಾನು ಹಾಜಿಯವರಿಗೆ ಫೋನ್ ಮಾಡಿದೆ. ಧಣಿಗಳಿಗೆ ಹೇಳದೆ ಮಾಡಿದೆ.

ಪುತ್ತಿಗೆಯ ಅವರ ಮನೆಯಂಗಳದಲ್ಲಿ ಆ ಕಾರಿನ ಮುಂದೆ ನಿಂತದ್ದು ನನಗೆ ಮರೆಯುವುದಿಲ್ಲ. ಕ್ರಮ ತಪ್ಪಬಾರದೆಂದು ಸ್ಕ್ರೂಡ್ರೈವರ್ ತೆಗೆದುಕೊಂಡೇ ಹೋಗಿದ್ದೆ. ಬಾನೆಟ್ ಎತ್ತಿದರೆ ಒಳಗೆ ಪ್ಲಾಸ್ಟಿಕ್ಕಿನ ಮುಚ್ಚಳಗಳು, ಕಿತ್ತಳೆ ಬಣ್ಣದ ದಪ್ಪ ವಯರುಗಳು, ಮುಟ್ಟಬೇಡಿ ಎಂಬ ಚಿತ್ರ. ಪ್ಲಗ್ಗಿಲ್ಲ, ಬಣ್ಣ ನೋಡುವ ಹಾಗಿಲ್ಲ. ಹೊಗೆ ಇಲ್ಲ, ಮೂಸುವ ಹಾಗಿಲ್ಲ. "ಸ್ಟಾರ್ಟ್ ಮಾಡಿ" ಎಂದೆ. "ಆಗಿದೆ" ಎಂದರು ಹಾಜಿಯವರು. ಸ್ಕ್ರೂಡ್ರೈವರನ್ನು ಎಲ್ಲಿಗೆ ತಾಗಿಸಬೇಕೆಂದು ತಿಳಿಯದೆ ಮೆಲ್ಲಗೆ ಕಿಸೆಗೆ ಹಾಕಿಕೊಂಡೆ.

ನಾನೇ ಓಡಿಸಿದೆ. ಅಂಗಳದಿಂದ ರಸ್ತೆಗೆ ಒಂದು ಕಡಿದಾದ ಏರುಂಟು. ಅಲ್ಲಿ ನನ್ನ ಬಲಗಾಲು ತಾನಾಗಿಯೇ ಒಂದಿಷ್ಟು ಹೆಚ್ಚು ಒತ್ತಿತು, ಎಡಗೈ ಗೇರು ಹುಡುಕಿತು. ಎರಡೂ ಬೇಕಾಗಿರಲಿಲ್ಲ. ಕಾರು ಏರನ್ನು ಏರೆಂದು ತಿಳಿಯದೆಯೇ ಹತ್ತಿ ರಸ್ತೆಯಲ್ಲಿ ನಿಂತಿತ್ತು. ಮುಂದೆ ಹೋಗುತ್ತ ಹೋಗುತ್ತ ನನಗೆ ಕೇಳಿಸಿದ್ದೇನೆಂದರೆ, ಎಲ್ಲವೂ. ಟಯರಿನ ಅಡಿಯಲ್ಲಿ ಜಲ್ಲಿ ಉರುಳುವುದು, ತೋಡಿನ ನೀರು, ಬೇಲಿಯಾಚೆ ಯಾರೋ ಕರುವನ್ನು ಬೈಯುವುದು. ಅಷ್ಟರಲ್ಲಿ ಹಿಂದಿನಿಂದ ಸಣ್ಣಗೆ ಒಂದು ಗುಂಯ್ ಎಂಬ ಸದ್ದು.

"ಹಾಜಿಯವರೇ, ಹಿಂದಿನ ಎಡ ಚಕ್ರದ ಬೇರಿಂಗ್ ಶುರುವಾಗಿದೆ."

"ಹೌದಾ? ನನಗೆ ಕೇಳಿಲ್ಲವಲ್ಲ."

"ಪೆಟ್ರೋಲ್ ಕಾರಾದರೆ ನನಗೂ ಇಷ್ಟು ಬೇಗ ಕೇಳುತ್ತಿರಲಿಲ್ಲ."

ಕಾರಿನ ಉಳಿದ ಅಂಗಾಂಗಗಳೆಲ್ಲ ಇಷ್ಟು ವರ್ಷ ಏನೋ ಹೇಳುತ್ತಲೇ ಇದ್ದವು, ಇಂಜಿನ್ನು ಮಧ್ಯೆ ಬಾಯಿ ಹಾಕುತ್ತಿತ್ತು ಎಂದು ತೋರಿತು. ಇಂಜಿನ್ನಿನ ಅನ್ನ ಉಂಡವನು ಹಾಗೆ ಯೋಚಿಸಬಾರದು. ಯೋಚನೆ ಬಂತು.

ಬೇರಿಂಗ್ ಬದಲಾಯಿಸಿದ ಮೇಲೆ ಧಣಿಗಳನ್ನು ಕರೆದುಕೊಂಡು ಬಂದೆವು. ಅಕ್ಕನೂ ಜೊತೆಗೆ ಬಂದರು, ಸಾಕ್ಷಿಗೆ. ಪುತ್ತಿಗೆಯ ಹತ್ತಿರದ ಒಂದು ಖಾಲಿ ಮೈದಾನದಲ್ಲಿ ಧಣಿಗಳು ಸ್ಟೇರಿಂಗಿನ ಹಿಂದೆ ಕುಳಿತರು, ಮುಖ ಬಿಗಿದುಕೊಂಡು, ಶತ್ರುವಿನ ಮನೆಯಲ್ಲಿ ಊಟಕ್ಕೆ ಕುಳಿತವರ ಹಾಗೆ. ಹೊರಟರು. ಮೈದಾನದ ಅರ್ಧಕ್ಕೆ ಬಂದರು. ವೇಗ ಬಂತು. ವೇಗ ಬಂದಾಗ ಗೇರು ಬದಲಿಸಬೇಕೆಂದು ಅವರ ಎಡಗಾಲಿಗೆ ಗೊತ್ತು, ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಆ ಕಾಲು ಎದ್ದು ಕ್ಲಚ್ಚನ್ನು ಪೂರ್ತಿ ತುಳಿಯಿತು. ಕ್ಲಚ್ಚಿರಲಿಲ್ಲ. ಅಲ್ಲಿಗೆ ತಾಗಿದ್ದು ಬ್ರೇಕಿನ ಅಗಲ ಪೆಡಲ್. ಕಾರು ಇದ್ದಲ್ಲೇ ನಿಂತಿತು, ನಾವು ನಿಲ್ಲಲಿಲ್ಲ. ಬೆಲ್ಟು ನನ್ನನ್ನು ಹಿಡಿಯಿತು, ಹಿಂದಿದ್ದ ಹಾಜಿಯವರ ಟೊಪ್ಪಿ ಮುಂದಿನ ಗಾಜಿಗೆ ಬಂದು ಬಿತ್ತು.

ಧಣಿಗಳು ಮೊಣಕಾಲು ಹಿಡಿದುಕೊಂಡಿದ್ದರು. ಮುಖ ಬೆಳ್ಳಗಾಗಿತ್ತು.

"ನೋವಾಯ್ತಾ?" ಎಂದರು ಹಿಂದಿನ ಸೀಟಿನಿಂದ ಅಕ್ಕ.

"ಇಲ್ಲ."

"ಆಯ್ತು. ಡ್ರೈವರಿಗೆ ನಾಡಿದ್ದು ಸೋಮವಾರದಿಂದ ಬಾ ಅಂತ ಹೇಳಿದ್ದೇನೆ."

ಆಮೇಲೆ ಮೂರು ಸಲ ಪ್ರಯತ್ನ ಮಾಡಿದೆವು, ಮೂರು ಸಲವೂ ಟೊಪ್ಪಿ ಹಾರಿತು. ಕೊನೆಗೆ ಹಾಜಿಯವರು ಅದನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಕಾರಿನಲ್ಲಿ ದೋಷವಿರಲಿಲ್ಲ, ಬ್ರೇಕು ಅದರ ಧರ್ಮ ಮಾಡುತ್ತಿತ್ತು. ದೋಷವಿದ್ದದ್ದು ಆ ಕಾಲಿನ ಪಾಂಡಿತ್ಯದಲ್ಲಿ. ಕಲಿಯದವನಿಗೆ ಈ ಕಾರು ಅರ್ಧ ಗಂಟೆಯ ಪಾಠ. ಚೆನ್ನಾಗಿ ಕಲಿತವನಿಗೆ ಕಷ್ಟ. ಎಡಗಾಲನ್ನು ಸೀಟಿನ ಅಡಿಗೆ ಮಡಚಿ ಇಟ್ಟುಕೊಳ್ಳಿ ಎನ್ನಲು ಆ ಮೊಣಕಾಲು ಮಡಚುವ ಸ್ಥಿತಿಯಲ್ಲಿಲ್ಲ. ಹೆಗಲಿನ ಬೈರಾಸು ತೆಗೆದು ಕಾಲನ್ನು ಕಟ್ಟಿ ಹಾಕುವ ಎಂದು ಹಾಜಿಯವರ ಸೂಚನೆ. ಧಣಿಗಳು ಅವರನ್ನು ನೋಡಿದ ನೋಟಕ್ಕೆ ಸೂಚನೆ ವಾಪಸಾಯಿತು.

ನಾನು ಅವರ ಬಾಯಿ ನೋಡುತ್ತಿದ್ದೆ. ಪ್ರತಿ ಸಲ ಕಾಲು ಏಳುವ ಮೊದಲು ತುಟಿ ಸಣ್ಣಗೆ ಅಲುಗುತ್ತಿತ್ತು.

"ಧಣಿಗಳೇ, ಚಪ್ಪಲಿ ಬಿಚ್ಚಿ. ಎಡಗಾಲು ಬರಿಗಾಲಾಗಿ, ಬ್ರೇಕಿನ ಎಡಕ್ಕೆ ಮೂಲೆಯಲ್ಲಿ ಕಾಲಿಡಲಿಕ್ಕಿರುವ ಆ ಮೆಟ್ಟಿಲಿನ ಮೇಲೆ ಇರಲಿ. ಗೇರು ಬಾಯಲ್ಲಿ ಹಾಕಿ."

"ಎಂತದು?"

"ಬಾಯಲ್ಲಿ. ಎರಡು ಹಾಕಬೇಕು ಅನಿಸಿದರೆ 'ಎರಡು' ಅಂತ ಹೇಳಿ. ಮೂರು ಅನಿಸಿದರೆ 'ಮೂರು'. ದೊಡ್ಡದಾಗಿ. ಕಾಲಿಗೆ ಕೆಲಸ ಬೇಡ."

ಇವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವರು ನನ್ನನ್ನು ನೋಡಿದರು. ನಾನು ಪೌರೋಹಿತ್ಯದ ಮುಖ ಇಟ್ಟುಕೊಂಡಿದ್ದೆ. ಹೊರಟರು. "ಒಂದು" ಎಂದರು, ಮುಜುಗರದಿಂದ. "ಎರಡು." ಕಾಲು ಬೆರಳುಗಳು ಸೆಟೆದವು, ಏಳಲಿಲ್ಲ. "ಮೂರು!" ಮೈದಾನದ ತುದಿಯಲ್ಲಿ ತಿರುಗಿಸುವಾಗ "ಎರಡು" ಎಂದರು, ಸರಿಯಾಗಿ ನಾನೂ ಎರಡು ಹಾಕುತ್ತಿದ್ದ ಜಾಗದಲ್ಲಿ. ನಾಲ್ಕು ಸುತ್ತು ಹೊಡೆದರೂ ಟೊಪ್ಪಿ ಕಿಸೆಯಲ್ಲೇ ಇತ್ತು.

ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ. "ಮೈದಾನದಲ್ಲಿ ಯಾರು ಬೇಕಾದರೂ ಓಡಿಸ್ತಾರೆ. ನಾನು ತಂಗಿಯ ಮನೆಗೆ ಹೋಗುವುದು ಮೈದಾನದಲ್ಲಿ ಅಲ್ಲ" ಎಂದರು. ಅವರ ತಂಗಿಯ ಮನೆ ಕೊಟ್ಟಿಗೆಹಾರದಲ್ಲಿ, ಎಂದರೆ ಚಾರ್ಮಾಡಿ ಘಾಟಿಯ ಮೇಲೆ.

ಮರುದಿನ ಆದಿತ್ಯವಾರ. ಸಭೆಗೆ ಅಧ್ಯಕ್ಷರೂ ಇಲ್ಲ, ಗ್ಯಾರೇಜಿನ ಯಜಮಾನನೂ ಇಲ್ಲ. ಹಾಜಿಯವರೇ ಕಾರನ್ನು ಅಳದಂಗಡಿ, ಬೆಳ್ತಂಗಡಿ, ಉಜಿರೆಯಾಗಿ ಘಟ್ಟ ಹತ್ತಿಸಿದರು. ಹತ್ತುವಾಗ ಪರದೆಯ ಮೇಲೆ ಬ್ಯಾಟರಿಯ ಅಂಕೆ ಒಂದೇ ಸಮನೆ ಇಳಿಯುತ್ತಿತ್ತು. ಧಣಿಗಳು ಅದನ್ನೇ ನೋಡುತ್ತ, "ತೂತಾದ ಕೊಡ" ಎಂದರು. ನನಗೂ ಒಳಗೊಳಗೆ ಅಳುಕು. ತಂಗಿಯ ಮನೆಯಲ್ಲಿ ಊಟ ಮಾಡಿ ಹೊರಗೆ ಬಂದಾಗ ಘಟ್ಟದ ಅಂಚಿನಿಂದ ಮಂಜು ಏಳುತ್ತಿತ್ತು. ಹಾಜಿಯವರು ಕಾರಿನ ಕೀಲಿಯನ್ನು ನನ್ನ ಕೈಯಲ್ಲಿ ಇಟ್ಟು, "ನೀವೇ ಹೇಳಿ ಭಟ್ರೇ, ಯಾರು?" ಎಂದರು.

ಹತ್ತುವುದು ಬಲದ ಕೆಲಸ, ಇಳಿಯುವುದೇ ಡ್ರೈವಿಂಗು. ಆ ಎಡಗಾಲು ತಿರುವಿನಲ್ಲಿ ಒಂದು ಸಲ ಎದ್ದರೆ ಹಿಂದಿನ ಬಸ್ಸು ನಮ್ಮ ಮೇಲೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ಧಣಿಗಳು ದೂರದಲ್ಲಿ ಮಂಜು ನೋಡುವವರ ಹಾಗೆ ನಿಂತಿದ್ದರು. ಕೇಳುವವರಲ್ಲ ಅವರು. ಅವರ ಎಡಗಾಲಿನ ಚಪ್ಪಲಿ ಆಗಲೇ ಕೈಯಲ್ಲಿತ್ತು. ನಾನು ಕೀಲಿಯನ್ನು ಅವರಿಗೆ ಕೊಟ್ಟೆ. ಹಿಂದಿನ ಸೀಟಿನಲ್ಲಿ ಒಂದು ಬದಿ ಹಾಜಿಯವರು, ಇನ್ನೊಂದು ಬದಿ ಅಕ್ಕ, ಮಧ್ಯೆ ಗಡಿರೇಖೆಯಾಗಿ ತಂಗಿ ಕೊಟ್ಟ ಕಿತ್ತಳೆ ಹಣ್ಣಿನ ಚೀಲ. ಅಕ್ಕ ಬಾಗಿಲಿನ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮದುವೆಯಾದಂದಿನಿಂದ ಈ ಘಟ್ಟ ಇಳಿಯುವಾಗ ಅವರಿಗೆ ಹೊಟ್ಟೆ ತೊಳಸದ ದಿನವಿಲ್ಲವಂತೆ.

"ಮೂರು" ಎಂದರು ಧಣಿಗಳು. ಮೊದಲ ತಿರುವು ಕಾಣಿಸಿತು. "ಎರಡು." ಬಲಗಾಲನ್ನು ಪೆಡಲಿನಿಂದ ಎತ್ತಿದರು, ಅಷ್ಟೆ. ಕಾರು, ಯಾರೋ ಹಿಂದಿನಿಂದ ಮೆತ್ತಗೆ ಸೊಂಟ ಹಿಡಿದುಕೊಂಡ ಹಾಗೆ, ತಾನಾಗಿಯೇ ನಿಧಾನವಾಯಿತು. ಇಳಿಜಾರಿನಲ್ಲಿ ಈ ಕಾರಿನ ಮೋಟರು ತಿರುಗಿ ಡೈನಮೋ ಆಗುತ್ತದೆ, ಚಕ್ರವನ್ನು ತಡೆಹಿಡಿದು ಕರೆಂಟು ಮಾಡುತ್ತದೆ, ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಬೇರೆ. ಪರದೆಯ ಮೇಲಿನ ಅಂಕೆ ಇಳಿಯುವುದನ್ನು ನಿಲ್ಲಿಸಿತು. ಮೂರ್ನಾಲ್ಕು ತಿರುವು ಕಳೆದ ಮೇಲೆ, ನಾನು ನೋಡುತ್ತ ಇದ್ದ ಹಾಗೆಯೇ, ಒಂದು ಮೇಲೆ ಹೋಯಿತು.

ಸುಟ್ಟ ಪೆಟ್ರೋಲು ಸುಟ್ಟೇ ಹೋಯಿತು. ಅದನ್ನು ವಾಪಸು ತರುವವನನ್ನು ನಾನು ಈ ವೃತ್ತಿಯಲ್ಲಿ ಕಂಡಿಲ್ಲ. ಇಲ್ಲಿ ಒಂದು ಘಟ್ಟ, ತಾನು ಹತ್ತಿಸಿಕೊಳ್ಳುವಾಗ ತೆಗೆದುಕೊಂಡದ್ದರಲ್ಲಿ ಒಂದು ಪಾಲನ್ನು ಇಳಿಸುವಾಗ ಎಣಿಸಿ ವಾಪಸು ಕೊಡುತ್ತಿತ್ತು. ನಾನು ಕೈ ಮುಗಿಯಲಿಲ್ಲ, ಆದರೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

"ಧಣಿಗಳೇ, ಅಂಕೆ ನೋಡಿದಿರಾ?"

"ರಸ್ತೆ ನೋಡ್ತಾ ಇದ್ದೇನೆ. ಎರಡು. ಎಷ್ಟಾಯ್ತು?"

"ಏರಿದೆ."

"ಸುಮ್ಮನಿರಿ ಮಾರಾಯ್ರೆ. ಒಂದು."

ಅದೊಂದು ಕಡಿದಾದ ತಿರುವು. ಎದುರಿನಿಂದ ಬಸ್ಸು ಬಂದಿತ್ತು. ಧಣಿಗಳ ಎಡಗಾಲಿನ ಸ್ನಾಯು ಎದ್ದದ್ದು ನನಗೆ ಕಂಡಿತು. ಹೆಬ್ಬೆರಳು ಮೆಟ್ಟಿಲನ್ನು ಕಚ್ಚಿ ಹಿಡಿಯಿತು. ಬಸ್ಸು ಹೋಯಿತು. ನಾವೂ ಹೋದೆವು. ಹಾಗೆ ಎರಡು, ಮೂರು, ಎರಡು ಎನ್ನುತ್ತ ಇಳಿಯುತ್ತಿರುವಾಗ ಒಂದು ಕಡೆ ಅವರು ಕನ್ನಡಿ ನೋಡಿದವರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಅಕ್ಕನ ಕೈ ಹಿಡಿಯಿಂದ ಜಾರಿ ಕಿತ್ತಳೆ ಚೀಲದ ಮೇಲೆ ಬಿದ್ದಿತ್ತು. ನಿದ್ರೆ. ಬಾಯಿ ಸ್ವಲ್ಪ ತೆರೆದಿತ್ತು.

ಹಾಜಿಯವರು ತುಟಿಯ ಮೇಲೆ ಬೆರಳಿಟ್ಟರು.

ಉಳಿದ ಘಟ್ಟವನ್ನು ಧಣಿಗಳು ಬಾಯಿ ಮುಚ್ಚಿಕೊಂಡು ಇಳಿದರು. ತುಟಿ ಅಲುಗುತ್ತಿತ್ತು, ಸ್ವರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತುಟಿಯೂ ನಿಂತಿತು. ಕಾಲು ಇದ್ದಲ್ಲೇ ಇತ್ತು. ಮಂಜಿನೊಳಗೆ ಟಯರಿನ ಸದ್ದು, ಎಲ್ಲೋ ಬಂಡೆಯಿಂದ ನೀರು ಬೀಳುವ ಸದ್ದು, ಹಿಂದಿನ ಸೀಟಿನಿಂದ ಉಸಿರು, ಇಷ್ಟೇ.

ಕೆಳಗೆ ಚಾರ್ಮಾಡಿ ಪೇಟೆಯಲ್ಲಿ ನಿಲ್ಲಿಸಿದರು. ಘಟ್ಟ ಇಳಿದು ಬಂದ ಕಾರಿನ ಚಕ್ರಗಳನ್ನು ಮುಟ್ಟಿ ನೋಡುವುದು ನಮ್ಮ ಕೆಲಸದ ಕ್ರಮ. ಬ್ರೇಕು ಕಾದು ನಾರುತ್ತಿರುತ್ತದೆ, ಆದ್ದರಿಂದ ಬೆರಳಿನ ಹಿಂಬದಿಯಿಂದ, ದೋಸೆಕಲ್ಲು ಮುಟ್ಟಿದ ಹಾಗೆ. ಬಾಗಿಲನ್ನು ಸದ್ದಾಗದಂತೆ ತೆರೆದು ಇಳಿದು, ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತೆ. ವಾಸನೆ ಇಲ್ಲ. ಬೆರಳು ತಾಗಿಸಿದೆ. ಆಮೇಲೆ ಅಂಗೈಯನ್ನೇ ಇಟ್ಟೆ, ಇಟ್ಟುಕೊಂಡೇ ಕುಳಿತೆ. ಹಾಲು ಕಾಯಿಸಿ ಇಳಿಸಿ ಬಹಳ ಹೊತ್ತಾದ ಪಾತ್ರೆಯ ಹಾಗಿತ್ತು, ಅಷ್ಟೇ ಬಿಸಿ. ಧಣಿಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಕೈಯನ್ನು ನೋಡಿದರು. ನಾನು ಅವರನ್ನು ನೋಡಿದೆ.

ಬೆಳ್ತಂಗಡಿ ದಾಟಿತು, ಗುರುವಾಯನಕೆರೆ ದಾಟಿತು. ಅಳದಂಗಡಿಯಲ್ಲಿ ಧಣಿಗಳ ಮನೆಯ ಗೇಟು ಬಂತು. ಅವರು ಕನ್ನಡಿ ನೋಡಿದರು, ಬಲಗಾಲನ್ನು ಎತ್ತಲಿಲ್ಲ. ಗೇಟು ಹಿಂದೆ ಹೋಯಿತು.

ವೇಣೂರಿನ ಹತ್ತಿರ ಒಂದು ಹಂಪಿನಲ್ಲಿ ಅಕ್ಕನಿಗೆ ಎಚ್ಚರವಾಯಿತು. ಹೊರಗೆ ನೋಡಿದರು.

"ಮನೆ ಎಲ್ಲಿ?"

"ಹಿಂದೆ ಹೋಯ್ತು" ಎಂದರು ಧಣಿಗಳು.

"ಘಟ್ಟ?"

"ಅದೂ ಹೋಯ್ತು."

ಅಕ್ಕ ಸೆರಗು ಸರಿ ಮಾಡಿಕೊಂಡರು, ಬಾಯಲ್ಲಿ ಉಳಿದಿದ್ದ ಏಲಕ್ಕಿ ಸಿಪ್ಪೆಯನ್ನು ಕೈಗೆ ತೆಗೆದು ನೋಡಿದರು. ನನ್ನನ್ನು ಕೇಳಿದರು: "ಭಟ್ರೇ, ಕಾಲು ಎದ್ದಿತಾ?"

"ಇಲ್ಲ ಅಕ್ಕ."

"ಒಂದು ಸಲವೂ?"

"ಒಂದು ಸಲವೂ."

ಅವರು ಫೋನ್ ತೆಗೆದರು. ವೇಣೂರಿನ ಡ್ರೈವರಿಗೆ, ನಾಳೆ ಬರುವುದು ಬೇಡ ಮಾರಾಯ, ಬೇಕಾದರೆ ಹೇಳ್ತೇನೆ ಎಂದರು. ಅವನು ಯಾಕೆಂದು ಕೇಳಿರಬೇಕು. "ಯಾಕೆಂದರೆ, ಜನ ಸಿಕ್ಕಿದರು" ಎಂದು ಇಟ್ಟರು. ಧಣಿಗಳು ರಸ್ತೆ ನೋಡುತ್ತಿದ್ದರು, ಬಹಳ ಶ್ರದ್ಧೆಯಿಂದ.

"ಹೇಗೂ ಇಷ್ಟು ದೂರ ಬಂದಾಯ್ತು. ಮೂಡುಬಿದಿರೆಗೇ ಹೋಗುವ. ತಂಗಿಗೆ ಒಂದು ಸೀರೆ ತೆಗೆಯಲಿಕ್ಕುಂಟು. ಬರುವ ಆದಿತ್ಯವಾರ ಪುನಃ ಹೋಗುವಾಗ ಕೊಡಬಹುದು" ಎಂದರು ಅಕ್ಕ.

ಹಾಜಿಯವರು ಮೆಲ್ಲಗೆ ಕೆಮ್ಮಿದರು. "ಅಕ್ಕಾ, ಬೇಜಾರು ಮಾಡಬೇಡಿ. ಇದು ನನ್ನ ಕಾರು."

"ಹೌದಲ್ಲ" ಎಂದು ಅಕ್ಕ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದರು. "ಹಾಗಾದರೆ ನಮ್ಮದು ಯಾವಾಗ ಬರ್ತದೆ ಅಂತ ಇವರನ್ನು ಕೇಳಿ."